ಮಣ್ಣಿನ ಆಚೆ ಬದಿಯ ಸದ್ದು

ಬಲಗೈಯ ಬೆರಳುಗಳು ತನ್ನವೇ ಎಂಬ ನಂಬಿಕೆ ಲೋಲಾಕ್ಷಿಗೆ ಆ ಶನಿವಾರ ಬೆಳಿಗ್ಗೆಯೂ ಬರಲಿಲ್ಲ. ಮರಗೆಣಸನ್ನು ಎಡಗೈಯಲ್ಲಿ ನೆಲಕ್ಕೆ ಒತ್ತಿ ಹಿಡಿದು ಬಲಗೈಯ ಚೂರಿಯಿಂದ ಸಿಪ್ಪೆ ಕೀಳಲು ಹೊರಟರೆ ಚೂರಿ ಒಂದು ಕಡೆ, ಬೆರಳು ಒಂದು ಕಡೆ. ಮತ್ತೊಮ್ಮೆ ಚೂರಿ ಬಿದ್ದಾಗ ಅವಳು ಅದನ್ನು ಹೆಕ್ಕದೆ, ಬೇರೆ ಯಾರದೋ ಮನೆಯ ವಸ್ತುವನ್ನು ನೋಡುವ ಹಾಗೆ ತನ್ನ ಕೈಯನ್ನು ನೋಡುತ್ತ ಕೂತಳು. ದುಬೈಯ ಕರಾಮದ ಆ ಹಳೆಯ ಕಟ್ಟಡದ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಆದರೂ ಅವಳು ನೆಲದ ಮೇಲೆ ಕೂತೇ ಕೆಲಸ ಮಾಡುವವಳು. ಫ್ರಿಜ್ಜಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ ಕಾಲು ಮಡಚಿ ಕೂತರೆ ಬೆನ್ನಿಗೆ ಗೋಡೆ ಸಿಗುತ್ತದೆ, ಆ ಗೋಡೆಯ ತಂಪಿಗೆ ಅವಳು ದಿನಾ ಮನಸ್ಸಿನಲ್ಲೇ ಉಪಕಾರ ಹೇಳಿಕೊಳ್ಳುತ್ತಾಳೆ. ಮಧ್ಯಾಹ್ನದ ಮೇಲೆ ಮಗಳು ಅಮಿತಾ ಆಫೀಸಿನಿಂದ ಬಂದು ಅವಳನ್ನು ಮತ್ತೆ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾಳೆ. ಕುತ್ತಿಗೆಯಲ್ಲಿ ಎಲ್ಲೋ ನರ ಒತ್ತಿಕೊಂಡಿದೆ, ಎಲ್ಲಿ ಎಂದು ತಿಳಿಯಬೇಕಾದರೆ ಆ ಕೊಳವೆಯಂಥ ಯಂತ್ರದೊಳಗೆ ಅಲ್ಲಾಡದೆ ಮಲಗಿ ಸ್ಕ್ಯಾನ್ ಮಾಡಿಸಬೇಕು, ತಡವಾದರೆ ಕೈ ಮತ್ತೆ ಸರಿಹೋಗುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಉಬ್ಬಸ ಇರುವುದರಿಂದ ಮದ್ದು ಕೊಟ್ಟು ಮಲಗಿಸುವುದಕ್ಕೂ ಅವರು ಒಪ್ಪಿರಲಿಲ್ಲ. ಕಳೆದ ವಾರ ಅವಳು ಆ ಯಂತ್ರದೊಳಗಿನಿಂದ ಓಡಿ ಬಂದಿದ್ದಳು.

ಓಡಿ ಬಂದದ್ದು ಎನ್ನುವುದು ಅಮಿತಾಳ ಮರ್ಯಾದೆಯ ಮಾತು. ಮೊದಲು ಮೂಗುಬೊಟ್ಟು ತೆಗೆಯಬೇಕೆಂದರು. ಮದುವೆಯ ದಿನದಿಂದ ತೆಗೆಯದಿದ್ದ ಅದನ್ನು ಸಾಬೂನು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದು ಅಮಿತಾಳ ಪರ್ಸಿನೊಳಗೆ ಹಾಕಿದ್ದಾಯಿತು. ಸೀರೆ ಬಿಚ್ಚಿಸಿ, ಬೆನ್ನ ಹಿಂದೆ ಲಾಡಿ ಕಟ್ಟುವ ನೀಲಿ ಅಂಗಿ ತೊಡಿಸಿದರು. ಯಂತ್ರ ನಡೆಸುವ ಪ್ಯಾಟ್ರಿಶಿಯಾ ಬೆಳ್ಮಣ್ಣಿನ ಕಡೆಯ ಹುಡುಗಿ, ಮನೆಮಾತು ಕೊಂಕಣಿಯಾದರೂ ಒಳ್ಳೆಯ ತುಳು ಆಡುತ್ತಾಳೆ, ಅವಳ ಬಾಯಲ್ಲಿ ತನ್ನ ಭಾಷೆ ಕೇಳಿ ಲೋಲಾಕ್ಷಿಗೆ ಧೈರ್ಯವೇ ಬಂದಿತ್ತು. ಆದರೆ ಹಲಗೆ ಒಳಕ್ಕೆ ಸರಿದು, ಮೂಗಿನ ಮೇಲೆಯೇ ಚಾವಣಿಯಂತೆ ಬಿಳಿ ಮಾಡು ಬಂದು ನಿಂತು, ಎಲ್ಲಿಂದಲೋ ಟಕ್ ಎಂದಿತು. ಮತ್ತೊಮ್ಮೆ ಟಕ್. ಆಮೇಲಿನದು ಅವಳ ಕೈಮೀರಿದ್ದು. ಕಾಲು ಒದ್ದು, ತಲೆಗೆ ಹಾಕಿದ ಪಂಜರವನ್ನು ಎಳೆದು, ಕೈಗೆ ಕೊಟ್ಟಿದ್ದ ಬೆಲ್ಲಿನ ರಬ್ಬರ್ ಬುರುಡೆಯನ್ನು ಹಿಸುಕಿ, ಹಲಗೆ ಪೂರ್ತಿ ಹೊರಗೆ ಬರುವ ಮೊದಲೇ ಇಳಿದು, ಲಾಡಿ ಬಿಚ್ಚಿದ ಅಂಗಿಯಲ್ಲೇ ಬಾಗಿಲು ದಾಟಿ, ಹೊರಗೆ ಸರದಿಗೆ ಕೂತಿದ್ದ ಜನರ ಮುಂದೆ ಬಂದು ನಿಂತಿದ್ದಳು. ಒಬ್ಬ ವಯಸ್ಸಾದ ಪಠಾಣ ತಕ್ಷಣ ಮುಖ ತಿರುಗಿಸಿ ಗೋಡೆ ನೋಡಿದ. ಆ ಮುಖ ತಿರುಗಿಸಿದ್ದನ್ನು ಅವಳು ಈಗಲೂ ದಿನಾ ನೆನೆಯುತ್ತಾಳೆ, ನಾಚಿಕೆಯಿಂದ ಅರ್ಧ, ಅವನ ಮೇಲಿನ ಕೃತಜ್ಞತೆಯಿಂದ ಅರ್ಧ. ಪ್ಯಾಟ್ರಿಶಿಯಾ ಹಿಂದಿನಿಂದ ಬಂದು ಬೆಡ್‌ಶೀಟು ಹೊದಿಸಿದಳು. ಟ್ಯಾಕ್ಸಿಯಲ್ಲಿ ಅಮಿತಾ ಮೊದಲು ತಾಯಿಗೆ ಸೀಟುಬೆಲ್ಟು ಕಟ್ಟಿದಳು. ಆಮೇಲೆ, "ಸಣ್ಣ ಮಕ್ಕಳು ಸಹ ಮಲಗ್ತಾರಮ್ಮ ಅದ್ರೊಳಗೆ. ನಿಮಗೆ ಎಂತ ಆದದ್ದು?" ಎಂದು ಕೇಳಿದಳು.

ಎಂತ ಆದದ್ದು ಎಂದು ಹೇಳಬೇಕಾದರೆ ಅಮಿತಾ ಹುಟ್ಟುವ ಮೊದಲಿನಿಂದ ಹೇಳಬೇಕು. ಗಂಡ ಕೊರಗಪ್ಪ ಊರಿನಲ್ಲಿ ಪೆರ್ಲದ ಆಚೆಯ ಗುಡ್ಡೆಗಳಲ್ಲಿ ಸುರಂಗ ತೋಡುತ್ತಿದ್ದವನು. ಬಾವಿ ತೋಡಿದರೆ ನೀರು ಸಿಗದ, ಮುರಕಲ್ಲಿನ ಕೆಂಪು ನೆಲದ ಊರು ಅದು, ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಕೊರೆದು ನೀರು ಇದ್ದಲ್ಲಿಗೆ ತಾವೇ ಹೋಗಬೇಕು. ಒಬ್ಬ ಕುಕ್ಕರಗಾಲಲ್ಲಿ ಕೂತು ಪಿಕ್ಕಾಸು ಬೀಸುವಷ್ಟು ಅಗಲ, ಅಷ್ಟೇ. ಅವನು ಅಗೆದ ಮಣ್ಣನ್ನು ಅಡಿಕೆಮರದ ಹಾಳೆಯಲ್ಲಿ ತುಂಬಿ, ಹಗ್ಗದಿಂದ ಎಳೆದು ಹೊರಗೆ ಸುರಿಯುವುದು ಅವಳ ಪಾಲಿನ ಕೆಲಸ. ಚಿಮಿಣಿ ದೀಪ ಸಣ್ಣಗಾದರೆ ಗಾಳಿ ಸಾಲದು ಎಂದು ಅರ್ಥ, ಹೊರಗೆ ಬಂದು ಕೂತು ಎಲೆಯಡಿಕೆ ಹಾಕಿ ಮತ್ತೆ ಹೋಗುವುದು. ಇನ್ನೊಂದು ಕಾನೂನಿತ್ತು. ಮೇಲಿನಿಂದ ಟಕ್ ಎಂದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಗೆ ಓಡಬೇಕು. ಮಣ್ಣು ಹೇಳಿಯೇ ಬೀಳುತ್ತದೆ, ಆದರೆ ಒಂದೇ ಸಲ ಹೇಳುತ್ತದೆ ಎನ್ನುತ್ತಿದ್ದ ಕೊರಗಪ್ಪ. ಮದುವೆಯಾಗಿ ಎರಡನೆಯ ಬೇಸಗೆಯಲ್ಲಿ ಒಂದು ದಿನ ಪಿಕ್ಕಾಸಿನ ಹಿಡಿ ಸಡಿಲಾಯಿತೆಂದು ಅವನು ಹೊರಗೆ ಹೋಗಿದ್ದ, ಇವಳೊಬ್ಬಳೇ ಒಳಗೆ ಮಣ್ಣು ತುಂಬುತ್ತಿದ್ದಳು. ಟಕ್ ಎಂದಿತು. ತುಂಬಿದ ಹಾಳೆಯನ್ನು ಬಿಟ್ಟು ಓಡಲು ಮನಸ್ಸಾಗಲಿಲ್ಲ, ಎಳೆದುಕೊಂಡೇ ಹೊರಟಳು. ಅವಳಿಗೂ ಸುರಂಗದ ಬಾಯಿಗೂ ನಡುವೆ ಗುಡ್ಡೆ ಕೂತುಬಿಟ್ಟಿತು. ದೀಪ ಹೋಯಿತು. ಆಮೇಲೆ ಕತ್ತಲೆ, ಆಮೇಲೆ ಕೊರಗಪ್ಪನ ಕೈ. ಈ ಎರಡರ ನಡುವೆ ಏನಿತ್ತು ಎಂದು ಅವಳು ಎಷ್ಟು ತಡಕಿದರೂ ಸಿಗುವುದಿಲ್ಲ. ಕೊರಗಪ್ಪನೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವನು ಹೋಗಿಯೂ ವರ್ಷಗಳಾದವು, ಅವಳ ಹತ್ತಿರ ಉಳಿದದ್ದು ಕತ್ತಲೆಯ ಭಾಗ ಮಾತ್ರ.

ಆ ಭಾಗ ದುಬೈಗೂ ಬಂದಿತ್ತು. ಬುರ್ಜುಮಾನಿನ ಹತ್ತಿರ ಮೆಟ್ರೋ ನೆಲದೊಳಗೆ ಇಳಿಯುತ್ತದೆ ಎಂದು ಗೊತ್ತಾದ ದಿನದಿಂದ ದೇರಾಕ್ಕೆ ಮೀನಿಗೆ ಹೋಗುವುದಾದರೆ ಬಸ್ಸೇ ಆಗಬೇಕು. ಬಿಸಿಲಲ್ಲಿ ಬಸ್ಸಿಗೆ ಕಾಯುವಾಗ ಮೊಮ್ಮಗಳು ತೃಷಾ, "ಅಜ್ಜಿ, ಯು ಆರ್ ಸೋ ವಿಲೇಜ್," ಎಂದು ನಗುತ್ತಾಳೆ. ಲೋಲಾಕ್ಷಿಯೂ ನಗುತ್ತಾಳೆ. ಹಳ್ಳಿಯವಳು ಎಂದರೆ ಒಪ್ಪಿಕೊಳ್ಳಬಹುದು, ಹೆದರುಪುಕ್ಕಲಿ ಎಂದರೆ ಅಳಿಯನ ಮುಂದೆ ಹೇಗೆ ಕೂರುವುದು? ಅಳಿಯ ಪೃಥ್ವಿರಾಜ್ ಅಬುಧಾಬಿಯಲ್ಲಿ ಕೆಲಸದಲ್ಲಿರುವವನು, ವಾರಕ್ಕೊಮ್ಮೆ ಬರುತ್ತಾನೆ. ಮೊನ್ನೆ ಗುರುವಾರ ಬಂದು ಮರುದಿನವೇ ಹೋದವನು, "ಅತ್ತೆ, ಬೇಡದಿದ್ದರೆ ಬೇಡ, ನಾವು ಊಟ ಮಾಡಿಸ್ತೇವೆ ನಿಮಗೆ," ಎಂದು ತಮಾಷೆಗೆ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ಅವಳಿಗೆ ಗೊತ್ತಿದ್ದುದರಿಂದಲೇ ಹೆಚ್ಚು ಚುಚ್ಚಿತು. ಬೇರೆಯವರ ಕೈಯಿಂದ ಉಣ್ಣುವ ದಿನ ಬರುವುದಾದರೆ ಅದಕ್ಕಿಂತ ಮೊದಲೇ ಕೊರಗಪ್ಪ ಇದ್ದಲ್ಲಿಗೆ ಹೋಗಿಬಿಡುವುದು ಒಳ್ಳೆಯದು ಎಂದು ಆ ದಿನ ಅನ್ನ ಕಲಸುತ್ತ ಅಂದುಕೊಂಡಿದ್ದಳು, ಎಡಗೈಯಲ್ಲಿ.

ಬಾಗಿಲು ಬಡಿದ ಸದ್ದಾಯಿತು. ಗೆಣ್ಣಿನಿಂದ ಟಕ್ ಟಕ್ ಟಕ್. ಎದುರು ಫ್ಲ್ಯಾಟಿನ ಥೋಮ್. ವಿಯೆಟ್ನಾಮಿನವಳು, ಲೋಲಾಕ್ಷಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮಗಳು ಕುಯೆನ್ ಹತ್ತಿರದ ಒಂದು ಸಲೂನಿನಲ್ಲಿ ಹೆಂಗಸರ ಉಗುರಿಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತಾಳೆ, ತಾಯಿ ವಿಸಿಟ್ ವೀಸಾದಲ್ಲಿ ಬಂದು ಕೂತಿದ್ದಾಳೆ. ಬಾಗಿಲಲ್ಲಿ ಬೆಲ್ ಇದ್ದರೂ ಥೋಮ್ ಅದನ್ನು ಒತ್ತುವುದಿಲ್ಲ. ಕರೆಂಟಿಗೆ ಹೆದರುತ್ತಾಳೇನೋ ಪಾಪ ಎಂದು ಲೋಲಾಕ್ಷಿ ಮೊದಮೊದಲು ಅಂದುಕೊಂಡಿದ್ದಳು, ತನಗಿಂತ ಹಳ್ಳಿಯವಳೊಬ್ಬಳು ಈ ಕಟ್ಟಡದಲ್ಲಿ ಇದ್ದಾಳಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಇಬ್ಬರ ಗುರುತಾದದ್ದು ಕೆಳಗಿನ ಮಲಯಾಳಿ ಅಂಗಡಿಯಲ್ಲಿ, ಒಂದೇ ಮರಗೆಣಸಿಗೆ ಇಬ್ಬರೂ ಕೈಹಾಕಿ. ಅವಳು ಬೇಯಿಸಿದ ಗೆಣಸನ್ನು ಎಳ್ಳು, ನೆಲಗಡಲೆ, ಉಪ್ಪಿನ ಪುಡಿಯಲ್ಲಿ ಅದ್ದಿ ತಿನ್ನುತ್ತಾಳೆ, ಇವಳು ಒಗ್ಗರಣೆ ಹಾಕಿ ಮೇಲೆ ತೆಂಗಿನೆಣ್ಣೆ ಬಿಟ್ಟು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಬಾರದ್ದರಿಂದ ಜಗಳಕ್ಕೂ ಜಂಬಕ್ಕೂ ದಾರಿಯಿಲ್ಲ, ಒಟ್ಟಿಗೆ ನೆಲದ ಮೇಲೆ ಕೂರುವುದೊಂದೇ. ಥೋಮ್ ಬಂದವಳೇ ಬಿದ್ದಿದ್ದ ಚೂರಿಯನ್ನು ಎತ್ತಿಕೊಂಡು, ಏನೂ ನೋಡದವಳ ಹಾಗೆ ಉಳಿದ ಗೆಣಸಿನ ಸಿಪ್ಪೆ ಕೀಳತೊಡಗಿದಳು. ಊರಲ್ಲಾದರೆ ಯಾರಾದರೂ ಅಯ್ಯೋ ಎನ್ನುತ್ತಿದ್ದರು. ಇವಳು ಅನ್ನಲಿಲ್ಲವಲ್ಲ ಎಂದು ಲೋಲಾಕ್ಷಿ ನೀರಿನ ಪಾತ್ರೆಯನ್ನು ಎಡಗೈಯಿಂದ ಅವಳ ಹತ್ತಿರ ಸರಿಸಿದಳು.

ಕೆಲಸಕ್ಕೆ ಹೊರಟಿದ್ದ ಕುಯೆನ್ ತಾಯಿಗೆ ಬೀಗದ ಕೈ ಕೊಡಲು ಬಂದಳು. ರಜೆಯಾದ್ದರಿಂದ ತೃಷಾ ಸೋಫಾದಲ್ಲಿ ಬಿದ್ದುಕೊಂಡಿದ್ದಳು, ಅಲ್ಲಿಂದಲೇ ಅವಳೊಡನೆ ಇಂಗ್ಲಿಷಿನಲ್ಲಿ ಹರಟೆ ಹಚ್ಚಿ, ಅಜ್ಜಿ ಹೆದರಿ ಓಡಿಬಂದ ಕತೆಯನ್ನು ಪೂರ್ತಿ ಹೇಳಿಬಿಟ್ಟಳು. ಆ ಯಂತ್ರಕ್ಕೆ ಅವಳು ಹೇಳಿದ ಟನಲ್ ಎಂಬ ಶಬ್ದ ಲೋಲಾಕ್ಷಿಗೂ ಗೊತ್ತಿತ್ತು. ನೆಲ ಬಿರಿದು ಒಳಗೆ ಹೋದರೆ ಸಾಕು ಎನಿಸಿತು, ಆಮೇಲೆ ನೆಲದೊಳಗೆ ಹೋಗುವುದು ತನಗೆ ಆಗದಲ್ಲ ಎಂದು ತನ್ನಷ್ಟಕ್ಕೇ ನಗು ಬಂತು. ಕುಯೆನ್ ತಾಯಿಗೆ ಹೇಳಿದಳು. ಥೋಮ್ ನಗಲಿಲ್ಲ. ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಅಕ್ಕಿಹಿಟ್ಟು ಹರಡಿದ್ದ ಸ್ಟೀಲಿನ ತಟ್ಟೆಯನ್ನು ಹತ್ತಿರ ಎಳೆದು ಅದರಲ್ಲಿ ಬೆರಳಿನಿಂದ ಒಂದು ಸಾಲು ಗುಳಿ ಒತ್ತಿದಳು. ಅವಳು ಹೇಳಿದ್ದು ಕುಯೆನಳ ಬಾಯಿಂದ ತೃಷಾಳಿಗೆ, ತೃಷಾಳ ಬಾಯಿಂದ ಅಜ್ಜಿಗೆ ಬಂತು.

"ಅಜ್ಜಿ, ಇವರ ವಿಲೇಜ್ ಬೀಚ್ ಹತ್ರ ಅಂತೆ. ವಾರ್ ಟೈಮಲ್ಲಿ ಅಮೆರಿಕದ ಪ್ಲೇನ್ ಬಂದು ಡೇಲಿ ಬಾಂಬ್ ಹಾಕ್ತಿತ್ತು. ಮನೆ ಎಲ್ಲ ಖಲಾಸ್. ಸೋ ಎಲ್ಲರೂ ನೆಲದ ಒಳಗೆ ಮನೆ ಮಾಡಿದ್ರು. ಫುಲ್ ವಿಲೇಜ್."

"ಯಾರು ತೋಡಿದ್ದಂತೆ ಕೇಳು."

"ಇವರೇ. ಲೇಡೀಸ್, ಅಜ್ಜ, ಅಜ್ಜಿ, ಎಲ್ಲರೂ. ಇವರಿಗೆ ಆಗ ಥರ್ಟೀನ್ ಇಯರ್ಸ್ ಅಂತೆ. ಅಪ್ಪ ವಾರಿಗೆ ಹೋಗಿದ್ರು."

"ಎಂತ ಮಣ್ಣು?"

ತೃಷಾಳಿಗೆ ಅದು ಕೇಳಬೇಕಾದ ಪ್ರಶ್ನೆ ಎನಿಸಲಿಲ್ಲ. ಆದರೂ ಕೇಳಿದಳು. ಕೆಂಪು ಮಣ್ಣು ಎಂದು ಉತ್ತರ ಬಂತು. ಹಸಿಯಿದ್ದಾಗ ಗುದ್ದಲಿಗೆ ಸಿಗುವ, ಗಾಳಿ ತಾಗಿದ ಮೇಲೆ ಕಲ್ಲಾಗುವ ಮಣ್ಣು. ಲೋಲಾಕ್ಷಿ ಸ್ವಲ್ಪ ಮುಂದಕ್ಕೆ ಸರಿದು ಕೂತಳು. ಅಂಥ ಮಣ್ಣನ್ನು ಅವಳು ಹಾಳೆಗಟ್ಟಲೆ ಎಳೆದಿದ್ದಾಳೆ, ಅದರ ವಾಸನೆ ಅವಳಿಗೆ ಗೊತ್ತು. ಅಗೆದದ್ದನ್ನು ಎಲ್ಲಿ ಹಾಕಿದಿರಿ ಎಂದು ಕೇಳಿಸಿದಳು, ಗುಡ್ಡೆ ತೋಡಿದವರಿಗೆ ತೋಡುವುದಕ್ಕಿಂತ ದೊಡ್ಡ ತಲೆನೋವು ಅದೇ. ಥೋಮ್ ಇವಳನ್ನು ದಿಟ್ಟಿಸಿ ನೋಡಿ, ತಟ್ಟೆಯ ಅಂಚಿನ ಆಚೆ ಬರಿಯ ನೆಲವನ್ನು ತೋರಿಸಿದಳು. ಸಮುದ್ರ. ಹೊಸ ಕೆಂಪುಮಣ್ಣು ಕಂಡರೆ ವಿಮಾನದವರಿಗೆ ಗೊತ್ತಾಗುತ್ತದೆಂದು ಕತ್ತಲಾದ ಮೇಲೆ ಸಾಲಾಗಿ ನಿಂತು, ಬಿದಿರ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ, ನೀರಿಗೆ ಸುರಿಯುತ್ತಿದ್ದರು. ದಾರಿಯಲ್ಲಿ ಚೆಲ್ಲಿದ್ದನ್ನು ಮುದುಕಿಯರು ಗುಡಿಸಿಕೊಂಡು ಬರುತ್ತಿದ್ದರು. ಗುದ್ದಲಿಗಳು ಸವೆದು ಸವೆದು ಅಂಗೈಯಷ್ಟಾದವು, ಹೊಸದು ಎಲ್ಲಿಂದ ತರುವುದು, ಅದರಲ್ಲೇ ಕೆರೆದರು. ಒಳಗೆ ಗೋಡೆ ಕೊರೆದು ಒಂದೊಂದು ಸಂಸಾರಕ್ಕೆ ಕಾಲು ಚಾಚುವಷ್ಟು ಗೂಡು. ಒಲೆಯ ಹೊಗೆ ಒಂದೇ ಕಡೆ ಮೇಲೇಳಬಾರದೆಂದು ಅದಕ್ಕೂ ನೆಲದೊಳಗೇ ಉದ್ದ ಕಾಲುವೆ. ಥೋಮಳ ತಮ್ಮ ಹುಟ್ಟಿದ್ದು ಅಲ್ಲೇ, ಅವನು ಬಹಳ ದಿನ ಬಿಸಿಲು ಕಂಡರೆ ಅಳುತ್ತಿದ್ದನಂತೆ. ಇಷ್ಟು ಹೇಳಿ ಥೋಮ್ ನಕ್ಕಳು, ಈ ದುಬೈಯ ಬಿಸಿಲು ಕಂಡರೆ ತಾನೂ ಅಳುತ್ತೇನೆ ಎಂದಳು.

"ಈ ಗುಳಿ ಯಾಕೆ?" ಲೋಲಾಕ್ಷಿ ತಟ್ಟೆ ತೋರಿಸಿ ಕೇಳಿದಳು.

ಮೊದಲು ದೂರ ದೂರಕ್ಕೆ ಬಾವಿಗಳ ಹಾಗೆ ನೇರ ಕೆಳಗೆ ತೋಡುವುದು. ಆಮೇಲೆ ಒಂದು ಬಾವಿಯ ತಳದಿಂದ ಒಂದು ಗುಂಪು, ಪಕ್ಕದ ಬಾವಿಯ ತಳದಿಂದ ಇನ್ನೊಂದು ಗುಂಪು, ಒಬ್ಬರ ಕಡೆಗೆ ಒಬ್ಬರು ಅಗೆಯುತ್ತ ಬರುವುದು. ಕೂಡಿದ ಮೇಲೆ ಬಾವಿಗಳು ಗಾಳಿಗೆ ಆಗುತ್ತವೆ. ಥೋಮ್ ಎರಡೂ ತೋರುಬೆರಳುಗಳಿಂದ ಹಿಟ್ಟಿನಲ್ಲಿ ಎರಡು ಗುಳಿಗಳ ನಡುವೆ ದಾರಿ ಮಾಡಿ, ಬೆರಳು ಬೆರಳಿಗೆ ತಾಗುವ ಮೊದಲು ನಿಲ್ಲಿಸಿದಳು. ಲೋಲಾಕ್ಷಿ ಕೇಳಬೇಕೆಂದಿದ್ದನ್ನು ಅವಳೇ ಅರ್ಥಮಾಡಿಕೊಂಡವಳ ಹಾಗೆ ಕಿವಿಯನ್ನು ನೆಲಕ್ಕೆ ಹಚ್ಚಿ, ಗೆಣ್ಣಿನಿಂದ ಬಡಿದಳು. ಟಕ್ ಟಕ್ ಟಕ್. ಸ್ವಲ್ಪ ಕಾದು, ಆಚೆಯಿಂದ ಬಂದದ್ದು ಎಂಬಂತೆ ಇನ್ನೊಂದು ಕೈಯಿಂದ, ಟಕ್ ಟಕ್ ಟಕ್.

"ಅಜ್ಜಿ, ಒಳಗೆ ದಾರಿ ತಪ್ಪುತ್ತೆ ಅಲ್ವಾ, ಅದಕ್ಕೆ ನಾಕ್ ಮಾಡೋದು. ಇವರು ಸ್ಮಾಲ್ ಅಂತ ಇವರನ್ನೇ ಫ್ರಂಟಲ್ಲಿ ಕೂರಿಸ್ತಿದ್ರು. ಆ ಕಡೆಯಿಂದ ಸೌಂಡ್ ಬಂದ್ರೆ ದೇ ಆರ್ ಕಮಿಂಗ್ ಅಂತ."

"ನಮ್ಮಲ್ಲಿ ಟಕ್ ಅಂದ್ರೆ ಓಡ್ಬೇಕು," ಎಂದಳು ಲೋಲಾಕ್ಷಿ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಗೆ ಬಂದಿತ್ತು. "ಮಾಡು ಬೀಳುವ ಸದ್ದು ಅದು. ನಾನು ಒಳಗಿದ್ದಾಗಲೇ ಬಿದ್ದಿದೆ. ಹೇಳು ಅವರಿಗೆ."

ತೃಷಾ ಫೋನು ಕೆಳಗಿಟ್ಟು ಎದ್ದು ಕೂತಳು. ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಕುಯೆನಳಿಗೆ ಹೇಳಿದಳು. ಥೋಮ್ ಕೇಳಿ ಹೌದು ಹೌದು ಎಂಬಂತೆ ತಲೆ ಆಡಿಸಿದಳು, ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ ಕೈ ತೋರಿಸಿ ಏನೋ ಹೇಳಿದಳು.

"ಅದೂ ಕರೆಕ್ಟ್ ಅಂತೆ ಅಜ್ಜಿ. ಮೇಲಿಂದ ಸೌಂಡ್ ಬಂದ್ರೆ ಓಡ್ಬೇಕು. ಸೈಡಿಂದ ಬಂದ್ರೆ ವೇಟ್ ಮಾಡ್ಬೇಕು."

ಮಧ್ಯಾಹ್ನ ಊಟವಾಗುವ ಹೊತ್ತಿಗೆ ಆ ಮಾತು ಅವಳೊಳಗೆ ಎಲ್ಲೋ ಹೋಗಿ ಕೂತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಅಮಿತಾ ಬಂದಳು. ತಾಯಿ ಈ ಸಲವೂ ಏನಾದರೊಂದು ನೆವ ಹೇಳುತ್ತಾಳೆಂದು ಸಿದ್ಧಳಾಗಿಯೇ ಬಂದ ಮುಖ. ಲೋಲಾಕ್ಷಿ ಮೂಗುಬೊಟ್ಟನ್ನು ಮೊದಲೇ ತೆಗೆದು ಕಾಗದದಲ್ಲಿ ಕಟ್ಟಿಟ್ಟಿದ್ದಳು, ಅದನ್ನು ಮಗಳ ಕೈಗೆ ಕೊಟ್ಟಳು. ಅಮಿತಾ ಅದನ್ನು ಪರ್ಸಿನ ಒಳಗಿನ ಜಿಪ್ಪಿಗೆ ಹಾಕಿದಳು. ಟ್ಯಾಕ್ಸಿಯಲ್ಲಿ ಕೂತಾಗ ತಾಯಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದಳು. ಒತ್ತಿದ್ದು ಲೋಲಾಕ್ಷಿಗೆ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು. ಒತ್ತುವ ಕೈ ಇರುವಾಗ ಕಂಡರೂ ಸಾಕು ಎಂದುಕೊಂಡಳು. "ಆಗದಿದ್ರೆ ಬೆಲ್ ಒತ್ತಿ ಅಮ್ಮ. ಇನ್ನು ನಾನು ಕೋಪ ಮಾಡೂದಿಲ್ಲ," ಎಂದಳು ಅಮಿತಾ, ಕಿಟಕಿಯ ಹೊರಗೆ ನೋಡುತ್ತ.

ಪ್ಯಾಟ್ರಿಶಿಯಾ ಅವಳನ್ನು ಮರೆತಿರಲಿಲ್ಲ. ಅಂಗಿಯ ಲಾಡಿಯನ್ನು ಈ ಸಲ ತಾನೇ ಬಿಗಿಯಾಗಿ, ಎರಡೆರಡು ಗಂಟು ಹಾಕಿ ಕಟ್ಟಿದಳು. "ಅಲ್ಲಾಡ್ಬೇಡಿ ಅಮ್ಮ, ಅಷ್ಟೇ. ಸದ್ದು ಬರ್ತದೆ, ಬರ್ಲಿ. ನಾನು ಈ ಗಾಜಿನ ಆಚೆ ಇರ್ತೇನೆ," ಎಂದು ಬೆಲ್ಲಿನ ಬುರುಡೆಯನ್ನು ಎಡಗೈಗೆ ಕೊಟ್ಟಳು. ಹಲಗೆ ಸರಿಯಿತು. ಬಿಳಿ ಮಾಡು ಬಂತು. ಕಣ್ಣು ಮುಚ್ಚಿದರೆ ಮಣ್ಣಿನ ವಾಸನೆ, ತೆರೆದರೆ ಮಾಡು, ಯಾವುದು ವಾಸಿ ಎಂದು ಅವಳು ಲೆಕ್ಕ ಹಾಕುವಷ್ಟರಲ್ಲಿ ಟಕ್ ಎಂದಿತು. ಕಾಲುಗಳು ಒದೆಯಲು ಸಿದ್ಧವಾದವು, ಬುರುಡೆಯ ಸುತ್ತ ಎಡಗೈ ಬಿಗಿಯಿತು. ಎಲ್ಲಿಂದ? ಮೇಲಿನಿಂದಲೋ ಪಕ್ಕದಿಂದಲೋ? ಅದೊಂದನ್ನು ನೋಡಿಯೇ ಓಡುತ್ತೇನೆ ಎಂದು ತನಗೆ ತಾನೇ ಚೌಕಾಶಿ ಮಾಡಿದಳು. ಟಕ್. ಟಕ್. ಟಕ್. ಪಕ್ಕದಿಂದ. ಕಿವಿಯ ಪಕ್ಕದಿಂದ, ಗೋಡೆಯ ಆಚೆಯಿಂದ, ಬಿಡದೆ. ಬೀಳುವ ಮಣ್ಣು ಒಂದೇ ಸಲ ಹೇಳುತ್ತದೆ, ಹೀಗೆ ಮತ್ತೆ ಮತ್ತೆ ಹೇಳುತ್ತ ಕೂರುವುದಿಲ್ಲ. ಹಿಟ್ಟಿನ ತಟ್ಟೆಯಲ್ಲಿ ಎರಡು ಬೆರಳು ಹತ್ತಿರ ಬಂದವು. ಯಾರೋ ಕುಕ್ಕರಗಾಲಲ್ಲಿ ಕೂತು ಅಂಗೈಯಷ್ಟು ಸವೆದ ಗುದ್ದಲಿಯಲ್ಲಿ ಕೆರೆಯುತ್ತಿದ್ದಾರೆ, ಒಬ್ಬ ಸಣ್ಣ ಹುಡುಗಿ ಕಿವಿಗೊಟ್ಟು ಕೂತಿದ್ದಾಳೆ, ಅವಳ ಮುಖ ಥೋಮಳದ್ದು, ಅಲ್ಲ, ಅದು ಪಿಕ್ಕಾಸಿನ ಸದ್ದು, ಹಿಡಿ ಸಡಿಲಾದ ಪಿಕ್ಕಾಸಿನದು, ಒಂದು ಪೆಟ್ಟಿಗೆ ಎರಡು ಸಲ ಕೇಳಿಸುವಂಥದು. ಈ ಸದ್ದು ತನಗೆ ಗೊತ್ತು. ಕತ್ತಲೆಯಲ್ಲಿ, ಬಾಯಲ್ಲಿ ಮಣ್ಣು ತುಂಬಿಕೊಂಡು, ಹಾಳೆಯ ಹಗ್ಗವನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡು ಅವಳು ಇದನ್ನು ಕೇಳಿದ್ದಳು. ಕೊರಗಪ್ಪ ಬಡಿಯುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಬಡಿಯುತ್ತಿದ್ದ. ಅವನು ನಿಲ್ಲಿಸುತ್ತಿದ್ದುದು ಕೇಳಿಸಿಕೊಳ್ಳಲು. ಮದುವೆಯಾದಂದಿನಿಂದ ಒಮ್ಮೆಯೂ ಹೆಸರು ಹಿಡಿದು ಕರೆಯದೆ, ಬರೀ ಓಯ್ ಎಂದೇ ಸಂಸಾರ ಮಾಡಿದ ಮನುಷ್ಯ ಮಣ್ಣಿನ ಆಚೆ ಬದಿಯಿಂದ ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಕೈಗೆ ಸಿಕ್ಕ ಕಲ್ಲಿನಿಂದ ಗೋಡೆಗೆ ಬಡಿದಿದ್ದಳು, ಬಲಗೈಯಲ್ಲಿ, ಇದೇ ಕೈಯಲ್ಲಿ. ಅದನ್ನು ಕೇಳಿ, ಆ ಸದ್ದಿನ ಕಡೆಗೇ ಅವನು ಅಗೆದುಕೊಂಡು ಬಂದ. ನಲವತ್ತು ವರ್ಷ ಅವಳು ಕತ್ತಲೆಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡು, ಬಂದವನ ಸದ್ದನ್ನು ಎಲ್ಲೋ ಬಿಟ್ಟುಬಿಟ್ಟಿದ್ದಳು. ಕಣ್ಣಿನ ಎರಡು ಬದಿಯಿಂದ ನೀರು ಇಳಿದು ಕಿವಿಯ ಕಡೆಗೆ ಹರಿಯಿತು. ಸುರಂಗದಲ್ಲಿ ಮೊದಲ ಒರತೆ ಹಾಗೆಯೇ ಬರುತ್ತದೆ, ಸದ್ದಿಲ್ಲದೆ, ಎರಡು ಪಕ್ಕದಿಂದ. ಒರೆಸಿಕೊಳ್ಳುವ ಹಾಗಿರಲಿಲ್ಲ. ಉತ್ತರ ಬಡಿಯುವ ಹಾಗೂ ಇರಲಿಲ್ಲ, ಅಲ್ಲಾಡಬಾರದು. ಬರ್ಲಿ, ಬರ್ಲಿ, ನಾನು ಇಲ್ಲೇ ಇದ್ದೇನೆ ಎಂದು ಮನಸ್ಸಿನಲ್ಲೇ ಹೇಳುತ್ತ ಅವಳು ಕಾದಳು.

ಹಲಗೆ ಹೊರಗೆ ಬಂದಾಗ ಪ್ಯಾಟ್ರಿಶಿಯಾ ಮೊದಲು ನೋಡಿದ್ದು ಒದ್ದೆಯಾದ ಕಿವಿಗಳನ್ನು. "ನೋವಾಯ್ತಾ ಅಮ್ಮ?"

"ಇಲ್ಲ ಮಗಾ. ನಿನ್ನ ಮಿಷನ್ನಿಂದ ನಂಗೆ ದೊಡ್ಡ ಉಪಕಾರ ಆಯ್ತು," ಎಂದಳು ಲೋಲಾಕ್ಷಿ. ಪ್ಯಾಟ್ರಿಶಿಯಾ ಅದನ್ನು ವಯಸ್ಸಾದವರ ಮಾತು ಎಂದುಕೊಂಡು ನಕ್ಕಳು. ಚಿತ್ರ ಚೆನ್ನಾಗಿ ಬಂದಿದೆ, ಎಲ್ಲಿ ಒತ್ತಿಕೊಂಡಿದೆ ಎಂದು ಸ್ಪಷ್ಟ ಕಾಣುತ್ತದೆ, ಮುಂದಿನದನ್ನು ಡಾಕ್ಟರು ಹೇಳುತ್ತಾರೆ ಎಂದು ಅಮಿತಾಳಿಗೆ ತಿಳಿಸಿದಳು. ಅಮಿತಾ ತಾಯಿಯ ಮೂಗಿಗೆ ಮೂಗುಬೊಟ್ಟು ತೊಡಿಸಲು ಹೋದಾಗ ಅದು ಕೈಜಾರಿ ಸಾಲುಕುರ್ಚಿಗಳ ಅಡಿಗೆ ಉರುಳಿಹೋಯಿತು. ಸರದಿಗೆ ಕೂತವರೆಲ್ಲ ಕಾಲೆತ್ತಿ ಹುಡುಕಿಕೊಟ್ಟರು.

ಮನೆ ತಲುಪಿದಾಗ ಲಿಫ್ಟಿನ ಮುಂದೆ ಜನವಿತ್ತು, ಮೆಟ್ಟಿಲು ಹತ್ತಿಯೇ ಬಂದರು. ದಾರಿಯಲ್ಲಿ ಅವಳು ಅಮಿತಾಳಿಗೆ ಸುರಂಗದ ಕತೆಯನ್ನು ಹೇಳತೊಡಗಿದ್ದಳು, ಅರ್ಧಕ್ಕೆ ಬಂದಿತ್ತು. ಕೊರಗಪ್ಪ ಪಿಕ್ಕಾಸು ಹಿಡಿದು ಆಚೆ ಬದಿಯಲ್ಲಿ ಇನ್ನೂ ಬಡಿಯುತ್ತಲೇ ಇದ್ದ. "ಆಮೇಲೆ ಅಮ್ಮ?" ಎಂದು ಅಮಿತಾ ಬೀಗದ ಕೈ ಹಿಡಿದು ನಿಂತೇ ಕೇಳಿದಳು. ಹೇಳ್ತೇನೆ ಇರು ಎಂದು ಲೋಲಾಕ್ಷಿ ಅವಳನ್ನು ಅಲ್ಲೇ ಬಿಟ್ಟು ಎದುರು ಬಾಗಿಲಿಗೆ ಹೋದಳು. ಬೆಲ್ಲು ಕಣ್ಣೆದುರಿಗೇ ಇತ್ತು. ಅವಳು ಬಲಗೈ ಎತ್ತಿದಳು, ಮಡಚಲು ಬಾರದ ಬೆರಳುಗಳನ್ನು ಎಡಗೈಯಿಂದ ಮಡಚಿ, ಗೆಣ್ಣನ್ನು ಬಾಗಿಲಿಗೆ ಬಡಿದಳು. ಕೈಗೆ ಏನೂ ತಿಳಿಯಲಿಲ್ಲ, ಕಿವಿಗೆ ತಿಳಿಯಿತು. ಟಕ್ ಟಕ್ ಟಕ್. ಒಳಗೆ ಚಪ್ಪಲಿ ಎಳೆದುಕೊಂಡು ಬರುವ ಸಪ್ಪಳ ಬಾಗಿಲ ಹತ್ತಿರ ಬಂದು ನಿಂತಿತು. ಚಿಲಕ ತೆಗೆಯುವ ಮೊದಲು, ಮರದ ಆಚೆ ಬದಿಯಿಂದ, ಅವಳ ಕೈ ಇದ್ದ ಜಾಗಕ್ಕೇ ಸರಿಯಾಗಿ, ಥೋಮ್ ತಿರುಗಿ ಬಡಿದಳು.